ಭರಮಣ್ಣನ ಹೊಡೆದು ಕಟ್ಟುವ ಆಟ

ಗುರಿ ಇಡುವಾಗ ಎಲ್ಲರೂ ಒಂದು ಕಣ್ಣು ಮುಚ್ಚಿದರೆ ಭರಮಣ್ಣ ಬಾಯಿ ತೆರೆಯುತ್ತಿದ್ದ. ಎರಡೂ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು, ಯಾರೋ ತುತ್ತು ಕೊಡುತ್ತಾರೇನೋ ಎಂಬಂತೆ ಬಾಯಿ ಕಳೆದು ಬಂದೂಕಿನ ಕುದುರೆ ಎಳೆದನೆಂದರೆ ಪುಗ್ಗಾ ಢಬ್ ಎನ್ನಲೇಬೇಕು. ಇಚಲಕರಂಜಿಯ ಟಾಕೀಸಿನ ಎದುರಿಗೆ ಅವನದೊಂದು ಅಂಗಡಿ. ಹಲಗೆಯ ತುಂಬ ಊದಿ ಕಟ್ಟಿದ ಬಣ್ಣದ ಬಲೂನಿನ ಪುಗ್ಗಾ, ಮುಂದೆ ಛರ್ರಾ ಗುಂಡು ಹಾರಿಸುವ ಎರಡು ಗಾಳಿಬಂದೂಕು. ಪಾಳಿ ಬಿಟ್ಟ ಮಗ್ಗದ ಆಳುಗಳೇ ಗಿರಾಕಿಗಳು.

ಅವನು ನೇಸರಿಯವನು. ಅರ್ಧ ಆಯುಷ್ಯ ಪವರ್‌ಲೂಮಿನಲ್ಲಿ ದುಡಿದು, ಕಿವಿ ಮಂದವಾಗತೊಡಗಿದಾಗ ಡಾಕ್ಟರರ ಮಾತು ಕೇಳಿ ಹೊರಬಿದ್ದಿದ್ದ. ಮಗ್ಗದ ಸದ್ದಿನಲ್ಲಿ ಕೂಗಿ ಕೂಗಿ ರೂಢಿಯಾಗಿ, ಗುಟ್ಟು ಹೇಳಿದರೂ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. ನಾನು ದಾನೋಳಿಯ ಕಬ್ಬಿನ ಮನೆತನದವನು. ಎಂಬತ್ತರ ದಶಕದ ಕೊನೆಗೆ ಕೊಲ್ಹಾಪುರದಿಂದ ಎರಡು ವಿಡಿಯೋ ಗೇಮ್ ಪೆಟ್ಟಿಗೆ ತಂದು ಅವನ ಮಗ್ಗುಲಿನ ಖೋಲಿಯಲ್ಲೇ ಇಟ್ಟೆ. ಪರದೆಯ ಮೇಲಿನಿಂದ ವೈರಿಯ ವಿಮಾನ ಇಳಿಯುವುದು, ಕೆಳಗಿನಿಂದ ನಾವು ಟುಂಯ್ ಟುಂಯ್ ಎಂದು ಹೊಡೆಯುವುದು. ವಾರದೊಳಗೆ ಭರಮಣ್ಣನ ಗಿರಾಕಿಗಳೆಲ್ಲ ನನ್ನ ಬಾಗಿಲಲ್ಲಿ.

ಬೇರೆ ಯಾರಾದರೂ ಆಗಿದ್ದರೆ ನನ್ನ ಏಳು ತಲೆಮಾರು ಜಾಲಾಡುತ್ತಿದ್ದರು. ಈ ಪುಣ್ಯಾತ್ಮ ತಾನೇ ಬಂದು ಆಡಿ, ಸತ್ತು ಸತ್ತು ಸಾಕಾಗಿ, ನಗುತ್ತ ಹೊರಗೆ ಬಂದ.

“ನಿಮ್ಮ ವೈರಿ ಓಡ್ಯಾಡ್ತಾನ್ರಿ ಸಾವಕಾರ್ರ, ನನ್ನ ಪುಗ್ಗಾ ಗ್ವಾಡಿಗಿ ಒರಗಿ ನಿಂತಾವ. ಅದಕ್ಕ ಮಂದಿ ಬರವಲ್ರು,” ಎಂದ. ಆಮೇಲೆ ದನಿ ಇಳಿಸಲು ನೋಡಿ, ಇಳಿಸಲಾಗದೆ, “ಅಂಗಡಿ ಮುಚ್ಚಿದ್ರ ಹೊಳ್ಳಿ ಮಗ್ಗಕ್ಕ ಹೋಗಬೇಕ್ರಿ. ಉಳಿದಷ್ಟು ಕಿವಿನೂ ಹೋಗ್ತಾವ,” ಎಂದ.

ಮುಂದಿನ ವಾರ ಗುಜರಿ ಅಂಗಡಿಯಿಂದ ಒಂದು ಹಳೆಯ ಮಗ್ಗವನ್ನೇ ಹೇರಿಕೊಂಡು ಬಂದ. ಮೋಟಾರು ಹಚ್ಚಿ, ಮೇಲೆ ಕೆಳಗೆ ಆಡುವ ಅದರ ಚೌಕಟ್ಟಿಗೆ ನೂಲು ಕಟ್ಟಿ, ನೂಲಿಗೊಂದರಂತೆ ರಟ್ಟಿನ ರಾಕ್ಷಸರನ್ನು ತೂಗುಬಿಟ್ಟ. ಗುಂಡು ತಾಗಿದರೆ ನೂಲು ಹರಿದು ರಾಕ್ಷಸ ಬೀಳಬೇಕು. ಮಗ್ಗದ ಸಹವಾಸ ಬೇಡವೆಂದು ಮಗ್ಗವನ್ನೇ ತಂದೆಯಲ್ಲ ಭರಮಣ್ಣಾ ಎಂದು ಕಾಡಿಸಿದೆ.

“ಅಲ್ಲಿ ನೂರು ಮಗ್ಗ ನನ್ನ ಆಳ್ತಿದ್ವು. ಇಲ್ಲಿ ಒಂದ ಮಗ್ಗ, ನಾ ಆಳ್ತೇನಿ. ಸಾಕನಿಸಿದ್ರ ಬಟನ್ ಒತ್ತಿಬಿಡ್ತೇನಿ.”

ಮೊದಲ ಸಂಜೆ ಬಂದವನು ಶಿವಪ್ಪ, ಆಗಷ್ಟೇ ಪಾಳಿ ಮುಗಿಸಿದ ಮಗ್ಗದ ಆಳು. ಗುಂಡು ತಾಗಿತು, ನೂಲು ಹರಿಯಿತು. ಅಷ್ಟೇ ತಡ, ಅವನು ಬಂದೂಕು ಇಟ್ಟು, ಅಡ್ಡಹಲಗೆ ಜಿಗಿದು, ಮಗ್ಗ ನಿಲ್ಲಿಸಿ, ಹರಿದ ನೂಲಿಗೆ ಗಂಟು ಹಾಕಿ ಮತ್ತೆ ಚಾಲೂ ಮಾಡಿಬಿಟ್ಟ. ಸತ್ತ ರಾಕ್ಷಸ ಮೊದಲಿನಂತೆ ಕುಣಿಯತೊಡಗಿದ.

“ಹರೀಲಿ ಅಂತನ ಹೊಡಿಯೋದಪಾ. ಕಟ್ಟಾಕ ಯಾಕ ಓಡಿದಿ?” ಎಂದು ಭರಮಣ್ಣ ಕೇಳಿದ.

ಶಿವಪ್ಪ ತನ್ನ ಕೈಯನ್ನೇ ನೋಡಿಕೊಂಡ. “ಪಾಳಿ ತುಂಬ ಅದ ಕೆಲಸ. ನೂಲು ಹರಿದ್ರ ಕೈ ಸುಮ್ಕಿರಂಗಿಲ್ಲೋ ಅಣ್ಣಾ.”

ಅವನ ನಂತರ ಹೊಡೆದವನೂ ಹಾಗೆಯೇ ಓಡಿದ. ಟಾಕೀಸಿನ ಸಾಲಿನಲ್ಲಿದ್ದವರು ನಗು ತಡೆಯಲಾರದೆ ಬಂದು ಮುತ್ತಿದರು. ಭರಮಣ್ಣ ತಲೆ ಕೆರೆದುಕೊಂಡ, ಮರುದಿನ ಅದನ್ನೇ ಆಟ ಮಾಡಿದ. ಇಬ್ಬರು ಒಟ್ಟಿಗೆ ಹೊಡೆಯಬೇಕು, ಬಂದೂಕು ಕೆಳಗಿಟ್ಟು ಓಡಬೇಕು, ಮೊದಲು ಗಂಟು ಹಾಕಿ ಮರಳಿದವನು ಗೆದ್ದ. ನನ್ನ ಪೆಟ್ಟಿಗೆಯಲ್ಲಿ ಪಳಗಿದ ಕಾಲೇಜು ಹುಡುಗರು ಹೊಡೆಯುವುದರಲ್ಲಿ ಎತ್ತಿದ ಕೈ. ಗಂಟಿನಲ್ಲಿ ಮಾತ್ರ ಸೋತು ಸುಣ್ಣವಾಗಿ, ಅದನ್ನು ಕಲಿಯಲೆಂದೇ ದಿನಾ ಅವನಲ್ಲಿಗೆ ಬರತೊಡಗಿದರು. ಪೆಟ್ಟಿಗೆಗಳು ಒಳಗೆ ತಮ್ಮಷ್ಟಕ್ಕೆ ಟುಂಯ್‌ಗುಟ್ಟುತ್ತಿದ್ದವು. ನಾನೂ ಬಾಗಿಲು ಮುಂದಕ್ಕೆ ಮಾಡಿ ಆಡಲು ಹೋಗುತ್ತಿದ್ದೆ. ಹೊಟ್ಟೆ ಉರಿಯಲಿಲ್ಲವೇ? ಉರಿಯಿತು. ಆ ನಗುವಿನ ನಡುವೆ ಎಷ್ಟು ಹೊತ್ತು ಉರಿದೀತು?

ಭರಮಣ್ಣ ಮತ್ತೆ ಕೂಲಿಗೆ ಮಗ್ಗದ ಮುಂದೆ ನಿಲ್ಲಲಿಲ್ಲ. ನಾನು ಪೆಟ್ಟಿಗೆ ಮಾರಿ ಕಬ್ಬಿಗೆ ಮರಳಿದೆ. ಅವನನ್ನು ಕಡೆಯ ಸಲ ನೋಡಿದ್ದು ನೇಸರಿಯಲ್ಲಿ, ಅವನು ತೀರಿಕೊಂಡ ವರ್ಷ. ಕಟ್ಟೆಯ ಮೇಲೆ ಹರಟುತ್ತ ಕುಳಿತಿದ್ದೆವು. ಪುಟ್ಟ ಮೊಮ್ಮಗಳು ಬಂದು, ನನ್ನನ್ನು ಓರೆಗಣ್ಣಿನಿಂದ ನೋಡುತ್ತ, ಅಜ್ಜನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಪಕ್ಕದಲ್ಲೇ ಇದ್ದ, ಕಿವಿ ನೆಟ್ಟಗಿರುವ ನನಗೇ ಒಂದಕ್ಷರ ಕೇಳಿಸಲಿಲ್ಲ.

ಭರಮಣ್ಣನಿಗೆ ನಗು ತಡೆಯಲಾಗಲಿಲ್ಲ.

“ಈ ಮಾಮಾ ಯಾವಾಗ ಹೋಗ್ತಾನ ಅಂತ ಕೇಳಾಕತ್ತಾಳ್ರಿ ಸಾವಕಾರ್ರ.”