ಬೆಳಕಿನಲ್ಲಿ ಮಣಿ ಹಿಡಿಯುವ ಸರ್ವಮಂಗಳಾ

ಸಂಜೆ ಕಾಲೇಜಿನ ಓದನ್ನೇ ನಂಬಿಕೊಂಡು ಲೇಸರ್ ಕಿರಣದ ಬಗ್ಗೆ ಬರೆಯಹೊರಟಿರುವುದಕ್ಕೆ ತಿಳಿದವರು ಕ್ಷಮಿಸಬೇಕು. ತಪ್ಪಿದ್ದರೆ ಅದು ಬರೆದವರದು, ಸರ್ವಮಂಗಳಾ ಅವರದಲ್ಲ.

ಸರಸ್ವತಿಪುರಂನಲ್ಲಿ ಸಿಟಿ ಬಸ್ಸುಗಳು ಓಡಾಡುವ ಮೊದಲೇ ಅವರು ಪ್ರಯೋಗಾಲಯದ ಬೀಗ ತೆಗೆಯುತ್ತಾರೆ. ಬಸ್ಸು ಹೋದರೆ ನೆಲ ನಡುಗುತ್ತದೆ, ಹಿಡಿದ ಮಣಿ ಜಾರುತ್ತದೆ. ಫ್ಯಾನ್ ಕೂಡ ಹಾಕುವುದಿಲ್ಲ. ಕನ್ನಡಿಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಕಿರಣವನ್ನು ಸೂಕ್ಷ್ಮದರ್ಶಕದೊಳಗೆ ಇಳಿಸುತ್ತಾರೆ. ಗಾಜಿನ ಪಟ್ಟಿಯ ಮೇಲಿನ ನೀರಹನಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಮಣಿಗಳು ತೇಲುತ್ತಿವೆ. ಬೆಳಕು ಸರಿಯಾಗಿ ಬಿದ್ದರೆ ಒಂದು ಮಣಿ ಅದರೊಳಗೆ ಸಿಕ್ಕಿ ನಿಲ್ಲುತ್ತದೆ. ಬೆಳಕು ಸರಿದತ್ತ ತಾನೂ ಸರಿಯುತ್ತದೆ.

ಡಿಪ್ಲೊಮಾ ಮುಗಿಸಿ ಸಹಾಯಕಿಯಾಗಿ ಸೇರಿದ ಅವರದು ಇಂದಿಗೂ ಗುತ್ತಿಗೆ ಕೆಲಸ. ಈಗ ಅದೇ ಮೇಜಿಗೆ ಸಂಶೋಧನಾ ವಿದ್ಯಾರ್ಥಿ ವಾಗೀಶ ಬಂದಿದ್ದಾನೆ. ಕಿರಣಕ್ಕೆ ಬೇಕಾದ ಆಕಾರ ಕೊಡುವ ಪುಟ್ಟ ಪರದೆ ಅವನ ಬಳಿಯಿದೆ. ಕಂಪ್ಯೂಟರಿನಲ್ಲಿ ಚಿತ್ರ ಬದಲಿಸಿದರೆ ಸಾಕು, ಬೆಳಕು ಬಳೆಯಂತಾಗಿ ಹಲವು ಮಣಿಗಳನ್ನು ಒಟ್ಟಿಗೆ ಹಿಡಿಯುತ್ತದೆ. ನಡುಕ ತಡೆಯುವ ಮೇಜು ಇರುವುದು ಒಂದೇ. ಅದರ ಮೇಲೆ ಯಾರ ಜೋಡಣೆ ಉಳಿಯಬೇಕೆಂದು ಮುಖ್ಯಸ್ಥ ವೃಷಭೇಂದ್ರಪ್ಪ ಇವತ್ತು ತೀರ್ಮಾನಿಸುತ್ತಾರೆ.

"ನಂಗೆ ಹೊಟ್ಟೆಕಿಚ್ಚು ಕಣ್ರೀ, ಸುಳ್ಯಾಕೆ ಹೇಳ್ಲಿ. ನಾನು ಉಸಿರು ಬಿಗಿಹಿಡ್ದು ಒಂದನ್ನ ಹಿಡೀತೀನಿ. ಅವ್ನು ಟೀ ಕುಡೀತಾ ಒಂದು ಹಿಂಡನ್ನೇ ಹಿಡ್ದುಬುಡ್ತಾನೆ," ಸರ್ವಮಂಗಳಾ ಬರೆಯಬಂದವರಿಗೆ ಹೇಳುತ್ತಾರೆ.

ಕಂಪ್ಯೂಟರಿನ ತೆರೆಯ ಮೇಲೆ ವಾಗೀಶನ ಮಣಿಗಳು ಬಳೆಯಾಗಿ ನಿಂತಿವೆ. ವೃಷಭೇಂದ್ರಪ್ಪ ಪಕ್ಕದಲ್ಲೇ ನಿಂತಿದ್ದಾರೆ. ಸರ್ವಮಂಗಳಾ ಬಾಗಿ ನೋಡುತ್ತಾರೆ.

"ಸಾರ್, ಇವು ಸಿಕ್ಕಿಲ್ಲ. ಬೆಳಕು ತಳಕ್ಕೆ ಒತ್ತಿ ಗಾಜಿಗೆ ಅಂಟಿಸ್ಬುಟ್ಟಿದೆ."

"ಬೆಳಿಗ್ಗೆ ಬೆಳಿಗ್ಗೆನೇ ಕಣ್ಣು ಹಾಕ್ಬೇಡಿ ಅಕ್ಕಾ," ವಾಗೀಶ ನಗುತ್ತಾನೆ.

"ಪಟ್ಟಿ ಸರಿಸಿ ನೋಡ್ಬುಡಾಣ ತಡಿಯಪ್ಪ."

ಗಾಜಿನ ಪಟ್ಟಿ ಸರಿಸುವ ತಿರುಪಿಗೆ ತಾವೇ ಕೈ ಹಾಕುತ್ತಾರೆ. ಅಂಟಿದ ಮಣಿಯಾದರೆ ಗಾಜಿನ ಜೊತೆಗೇ ಹೋಗಬೇಕು. ಗಾಜು ಸರಿಯುತ್ತದೆ, ಅದಕ್ಕೆ ಹತ್ತಿದ ಧೂಳೂ ಸರಿಯುತ್ತದೆ. ಬಳೆ ಇದ್ದಲ್ಲೇ ಇದೆ.

"ನಿಂತಿದೆಯಲ್ಲಮ್ಮ," ವೃಷಭೇಂದ್ರಪ್ಪ ಮೆಲ್ಲಗೆ ಹೇಳುತ್ತಾರೆ.

"ನಿಂತಿದೆ ಸಾರ್. ನಾನೇ ದುಡುಕ್ದೆ."

ಮಧ್ಯಾಹ್ನ ಸರ್ವಮಂಗಳಾ ಅವರ ಕನ್ನಡಿಗಳು ಕಪಾಟಿಗೆ ಹೋಗಬೇಕೆಂದು ತೀರ್ಮಾನವಾಗುತ್ತದೆ. ವಾಗೀಶ ಸಹಾಯಕ್ಕೆ ಬಂದರೆ ಅವನ ಕೈ ಸರಿಸುತ್ತಾರೆ.

"ಕೂರ್ಸಿದ್ದು ನಾನು, ಬಿಚ್ಚೋದೂ ನಾನೇ. ಆ ಬೆಳಕಿನ್ ಬಳೆ ಮಾತ್ರ ಒಂದ್ಸಲ ನನ್ ಕೈಗೆ ಕೊಡ್ಲಿ. ಅವ್ನಿಗಿಂತ ಚೆನ್ನಾಗಿ ತಿರುಗಿಸ್ದೆ ಇದ್ರೆ ಕೇಳಿ."

ಕೊಡುತ್ತಾರೆಯೇ? ಗುತ್ತಿಗೆ ಮುಂದುವರಿಯುತ್ತದೆಯೇ? ವೃಷಭೇಂದ್ರಪ್ಪ ಅವರನ್ನು ಕೇಳಿದರೆ, ನೋಡೋಣ ಎಂದರು. ಅದಕ್ಕಿಂತ ಹೆಚ್ಚು ಗೊತ್ತಿಲ್ಲ.