ಚನ್ನಪಟ್ಟಣದ ಕೊಳಚೆ ತೊಟ್ಟಿ, ಕೆಂಪು ಬಿರಡೆ

ಬೆಳಿಗ್ಗೆ ಏಳಕ್ಕೆ ಕನಕಪುರದಲ್ಲಿ ಚನ್ನಪಟ್ಟಣದ ಬಸ್ಸು ಹತ್ತಿದೆ. ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿ ಟಿಕೆಟ್ಟನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದೆ. ಕಾಂಕ್ರೀಟ್ ಪರೀಕ್ಷೆಯೇ ಕಸುಬಾದವಳು ಯಾವುದನ್ನೂ ಸುಲಭಕ್ಕೆ ನಂಬುವುದಿಲ್ಲ. ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವವರ ಬೀದಿಯೊಂದಿದೆ. ಅಲ್ಲಿ ಎಲ್ಲರೂ ಸೇರಿ ಕಟ್ಟಿಸಿದ ಕೊಳಚೆ ನೀರಿನ ತೊಟ್ಟಿ ಆರೇ ವರ್ಷಕ್ಕೆ ಉದುರತೊಡಗಿತ್ತು. ಮೇಸ್ತ್ರಿ ಕೆಂಪಯ್ಯ ಸಿಮೆಂಟ್ ಕದ್ದಿದ್ದಾನೆಂದು ಬೀದಿ ತೀರ್ಮಾನಿಸಿ, ಅವನನ್ನು ಕೆಲಸಕ್ಕೆ ಕರೆಯುವುದನ್ನೇ ಬಿಟ್ಟಿತ್ತು. ಅದನ್ನು ಖಚಿತಪಡಿಸಲು ನನ್ನ ವರದಿ ಬೇಕಿತ್ತು.

ಕಬ್ಬಾಳಿನಲ್ಲಿ ಅಮ್ಮನ ಗುಡಿಗೆ ಹೊರಟವರು ಇಳಿದರು, ನನಗೆ ಸೀಟು ಸಿಕ್ಕಿತು. ಕೂತವಳೇ ನೋಟ್‌ಬುಕ್ಕಿನಲ್ಲಿ ‘ಸಿಮೆಂಟ್ ಕಡಿಮೆ’ ಎಂದು ಬರೆದೆ. ತೊಟ್ಟಿ ನೋಡುವ ಮೊದಲೇ ಹಾಗೆ ಬರೆದದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಚನ್ನಪಟ್ಟಣದಲ್ಲಿ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಬೀದಿಯ ಮುಖಂಡ, ನೂಲು ತೆಗೆಯುವ ರೀಲಿಂಗ್ ಘಟಕದ ಶಿವಣ್ಣ ತಟ್ಟೆ ಇಡ್ಲಿ ಕೊಡಿಸಿದರು. ಇಷ್ಟೊಂದು ಉಪಚಾರ ಯಾಕೋ ಎಂದು ಅದರ ಮೇಲೂ ಅನುಮಾನ ಬಂತು.

“ಸಿಮೆಂಟೆಲ್ಲಾ ಅವನ ಮನೆ ಸೇರೈತೆ ಮೇಡಮ್. ಆ ವರ್ಷವೇ ಮನೆಗೆ ತಾರಸಿ ಹಾಕ್ಸವ್ನೆ,” ಎಂದರು.

ತೊಟ್ಟಿಯ ಬಳಿಗೆ ಹೋದಾಗ ಕೆಂಪಯ್ಯ ಜನರಿಂದ ದೂರವೇ ನಿಂತಿದ್ದ. “ಒಂದ್ ಚೀಲನೂ ಮುಟ್ಟಿಲ್ಲ ಕಣವ್ವಾ,” ಎಂದ. ತಪ್ಪು ಮಾಡಿದವರೂ ಹೀಗೇ ಹೇಳುತ್ತಾರೆ ಎಂದುಕೊಂಡೆ.

ಒಳಗಿನ ವಿಷಗಾಳಿ ಜೀವ ತೆಗೆಯುವಂಥದ್ದು, ಯಾರೂ ಇಳಿಯಬಾರದೆಂದು ಹೇಳಿದೆ. ಪಂಪು ಹಾಕಿಸಿ ನೀರು ತಗ್ಗಿಸಿದೆವು. ಬಾಯಿಯ ಬಳಿಯಿಂದಲೇ ಉದ್ದನೆ ಸರಳಿನಲ್ಲಿ ಗೋಡೆ ಕುಟ್ಟಿದೆ. ನೀರು ನಿಲ್ಲುತ್ತಿದ್ದ ಗೆರೆಯ ಕೆಳಗೆ ಗೋಡೆ ಗಟ್ಟಿಯಾಗಿ ಠಣ್ಣೆಂದಿತು. ಮೇಲೆ ಮಾತ್ರ ನೆನೆದ ಅವಲಕ್ಕಿಯಂತೆ ಬೆಳ್ಳಗೆ ಕಿತ್ತು ಬಂತು. ಅದಕ್ಕೆ ಒತ್ತಿದ ಪರೀಕ್ಷೆ ಕಾಗದ ಕೆಂಪಾಯಿತು. ಅಂದರೆ ಆಮ್ಲ.

“ಈ ಗೋಡೆ ಎಷ್ಟು ದಿನದಲ್ಲಿ ಹಾಕಿದ್ದು?” ಎಂದು ಕೆಂಪಯ್ಯನನ್ನು ಕೇಳಿದೆ.

“ಒಂದೇ ದಿನ. ಕೆಳಗೂ ಮೇಲೂ ಒಂದೇ ಕಾಂಕ್ರೀಟ್ ಮಾಲು.”

ಕದ್ದಿದ್ದರೆ ಕೆಳಗಿನ ಗೋಡೆಯೂ ಉದುರಬೇಕಿತ್ತು. ಸಿಮೆಂಟ್ ತಿಂದ ಕಳ್ಳ ಮನುಷ್ಯನೇ ಅಲ್ಲ ಎನ್ನಿಸಿತು. ರೇಷ್ಮೆಗೂಡು ಬೇಯಿಸಿದ ನೀರೆಲ್ಲ ಇಲ್ಲಿಗೇ ಬರುತ್ತದೆ, ಅದರಲ್ಲಿ ಹುಳುವಿನ ಚೂರೂ ಇರುತ್ತದೆ. ತಳದ ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಕೊಳೆತ ಮೊಟ್ಟೆಯ ವಾಸನೆಯ ಗಾಳಿ ಬಿಡುತ್ತವೆ. ಮೇಲಿನ ಒದ್ದೆ ಗೋಡೆಯಲ್ಲಿ ಬೇರೆ ಜೀವಿಗಳು ಆ ಗಾಳಿಯನ್ನೇ ಆಮ್ಲ ಮಾಡುತ್ತವೆ. ಆ ಆಮ್ಲ ಸಿಮೆಂಟನ್ನು ಕರಗಿಸುತ್ತದೆ. ಆದರೆ ಇಷ್ಟು ಬೇಗ ಹೇಗೆ?

“ಗಾಳಿ ಹೋಗಲು ಕೊಳವೆ ಇಡಲಿಲ್ಲವೇ?”

ಕೆಂಪಯ್ಯ ಗೋಡೆ ಪಕ್ಕದ ಕಬ್ಬಿಣದ ಕೊಳವೆ ತೋರಿಸಿದ. ಅದರ ಬಾಯಿಗೆ ಕೆಂಪು ಅರಗಿನ ಬಣ್ಣ ಕೊಟ್ಟ ಮರದ ಬಿರಡೆ ಕೂತಿತ್ತು. ಆಟಿಕೆ ಮಾಡುವವರು ಲೇತಿನಲ್ಲಿ ಕಡೆದ ಕೆಲಸ. ಒಂದು ಕೂದಲೂ ನುಸುಳದಷ್ಟು ಬಿಗಿ!

“ಮಗಳ ಮದ್ವೆ ಇತ್ತು, ಚಪ್ಪರಕ್ಕೆಲ್ಲಾ ವಾಸ್ನೆ ಹೊಡೀತಿತ್ತು,” ಎಂದರು ಶಿವಣ್ಣ, ಮೆಲ್ಲಗೆ. “ನಾನೇ ಮಾಡ್ಸಿ ಹಾಕ್ದೆ. ಆಮೇಲೆ ವಾಸ್ನೆ ಇಲ್ವಲ್ಲ, ಇರ್ಲಿ ಅಂತ ಬುಟ್ಬುಟ್ಟೆ.”

“ಮದುವೆಯಾಗಿ ಎಷ್ಟು ವರ್ಷ?”

“ಐದಾಯ್ತು.”

ಐದು ವರ್ಷ ಆ ಗಾಳಿಯೆಲ್ಲ ಒಳಗೇ ಸಿಕ್ಕಿ ಗೋಡೆಯನ್ನು ತಿಂದಿತ್ತು. ‘ಸಿಮೆಂಟ್ ಕಡಿಮೆ’ ಎಂದು ಬರೆದ ಹಾಳೆಯನ್ನು ಅಲ್ಲೇ ಹರಿದೆ.

“ಬಿರಡೆ ವಿಷ್ಯ ವರದೀಲಿ ಒಸಿ ಬುಟ್ಬುಡಿ ಮೇಡಮ್.” ಶಿವಣ್ಣ ಕೆಂಪಯ್ಯನ ಕಡೆ ತಿರುಗಿದರು. “ಹೊಸ ತೊಟ್ಟಿ ನೀನೇ ಕಟ್ಟು ಕಣ್ಲಾ.”

ಬಿಡುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಕೆಂಪಯ್ಯ ಮುಂದೆ ಬಂದ. “ಕಟ್ತೀನಿ ಶಿವಣ್ಣೋರೆ. ಆದ್ರೆ ಕಳ್ಳ ಅಂತ ಟೀ ಅಂಗ್ಡಿ ಮುಂದೆ ನಿಂತ್ಕಂಡು ಹೇಳಿದ್ರಿ. ಅಲ್ಲ ಅನ್ನೋದ್ನೂ ಅಲ್ಲೇ ನಿಂತ್ಕಂಡು ಹೇಳಿ.”

ಮಧ್ಯಾಹ್ನ ನನ್ನ ಆಟೋ ಬಸ್ ನಿಲ್ದಾಣದ ಕಡೆ ಹೊರಟಿತು. ತಿರುಗಿ ನೋಡಿದೆ. ಬಿರಡೆ ಕಿತ್ತಿದ್ದರಿಂದ ಬೀದಿಯ ತುಂಬ ಕೊಳೆತ ಮೊಟ್ಟೆಯ ವಾಸನೆ. ಟೀ ಅಂಗಡಿಯ ಮುಂದೆ ಜನ ಮೂಗು ಮುಚ್ಚಿಕೊಂಡು ನಿಂತಿದ್ದರು. ನಡುವೆ ಶಿವಣ್ಣ ಕೆಂಪು ಬಿರಡೆ ಹಿಡಿದು ಏನೋ ಹೇಳುತ್ತಿದ್ದರು, ನನಗೆ ಕೇಳಿಸಲಿಲ್ಲ. ಕೆಂಪಯ್ಯ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ.