ಬೀಜಕ್ಕೆ ಬಿಟ್ಟ ಬದನೆಕಾಯಿ

ನಮ್ಮ ಯಜಮಾನರು ನಿವೃತ್ತರಾದ ಮೇಲೆ ಗಿಡಗಳಿಗೆ ಬುದ್ಧಿ ಕಲಿಸಲು ಹೊರಟರು. ಗೌರಿಬಿದನೂರಿನ ಕಚೇರಿಯಲ್ಲಿ ಕೈಕೆಳಗಿನವರನ್ನು ಬಗ್ಗಿಸಿ ಅಭ್ಯಾಸ. ಮನೆಯಲ್ಲಿ ಬಗ್ಗುವವರು ಯಾರೂ ಸಿಗಲಿಲ್ಲ. ಚಿಕ್ಕಬಳ್ಳಾಪುರದ ನಮ್ಮ ಹಿತ್ತಲಲ್ಲಿ ನಾನು ಸುತ್ತ ಇಟ್ಟಿಗೆ ಜೋಡಿಸಿ, ಕೆಮ್ಮಣ್ಣು ಗೊಬ್ಬರ ತುಂಬಿ ಮಾಡಿಕೊಂಡಿದ್ದ ಏರುಮಡಿಗಳು ಅವರ ಕಣ್ಣಿಗೆ ಬಿದ್ದವು.

ಮೊಬೈಲಿನಲ್ಲಿ ಯಾರದೋ ವಿಡಿಯೊ ನೋಡಿ ಒಂದು ಡಬ್ಬ ತರಿಸಿದರು. ಅದರ ತುಂಬ ಕೊಂಬೆಯನ್ನು ಅಡ್ಡಕ್ಕೆ ಬಗ್ಗಿಸಿ ಹಿಡಿಯುವ ಹಸಿರು ಪ್ಲಾಸ್ಟಿಕ್ ಕ್ಲಿಪ್ಪು, ರಬ್ಬರು ಹೊದಿಸಿದ ತಂತಿ, ಮಣ್ಣಿಗೆ ಚುಚ್ಚುವ ಕೊಕ್ಕೆ. ಗಿಡಕ್ಕೆ ನೋವಾಗದಂತೆ ಬಗ್ಗಿಸಿ ಕಟ್ಟಿದರೆ ಎಲ್ಲ ಕೊಂಬೆಗೂ ಬಿಸಿಲು ಬಿದ್ದು ಕಾಯಿ ಹೆಚ್ಚಾಗುತ್ತದಂತೆ. ವಿದ್ಯೆ ಸುಳ್ಳಲ್ಲ. ನಮ್ಮ ಕಡೆ ದ್ರಾಕ್ಷಿ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುವವರೂ ಸುತಲಿ ದಾರ ಹಿಡಿದುಕೊಂಡು ಅದನ್ನೇ ಮಾಡುತ್ತಾರೆ. ಆದರೆ ಸುತಲಿಗೆ ಕುಂಕುಮ ಇಟ್ಟು ಊದುಬತ್ತಿ ಬೆಳಗುವುದಿಲ್ಲ. ಇವರು ಆ ಡಬ್ಬಕ್ಕೆ ಬೆಳಗಿದರು. ಆಯುಧವಂತೆ!

"ಎಳೇ ಗಿಡಕ್ಕೆ ಏನಾದ್ರೂ ಮಾಡ್ಕೊಳ್ಳಿ. ಬದನೆ ಗಿಡದ ತಂಟೆಗೆ ಮಾತ್ರ ಹೋಗ್ಬೇಡಿ," ಅಂದೆ.

"ನೀನು ಸುಮ್ನಿರು. ನಿಂಗೇನ್ ಗೊತ್ತಾಗುತ್ತೆ?" ಅಂದರು.

ಆ ಬದನೆ ನನ್ನ ತವರು ಕೆಂಚಾರ್ಲಹಳ್ಳಿಯದು. ಅಮ್ಮ ಹೋದ ಮೇಲೆ ಅಲ್ಲಿ ಅದನ್ನು ಬೆಳೆಯುವವರಿಲ್ಲ. ಎಲ್ಲರೂ ನರ್ಸರಿ ಸಸಿಯನ್ನೇ ತರುತ್ತಾರೆ. ನನ್ನ ಹತ್ತಿರ ಕೊನೆಗೆ ಉಳಿದಿದ್ದ ಬೀಜದಲ್ಲಿ ಒಂದೇ ಗಿಡ ಎದ್ದಿತ್ತು. ಅದರ ದಪ್ಪ ಕಾಯೊಂದನ್ನು ಬೀಜಕ್ಕೆಂದು ಬಿಟ್ಟು, ಯಾರೂ ಕೀಳದಿರಲಿ ಎಂದು ತೊಟ್ಟಿಗೆ ಹಳೇ ಸೀರೆಯ ಚೂರು ಕಟ್ಟಿದ್ದೆ. ಬಟ್ಟೆ ಕಟ್ಟಿದ ಕಾಯನ್ನು ನಮ್ಮ ಕಡೆ ಕಳ್ಳನೂ ಮುಟ್ಟುವುದಿಲ್ಲ.

ತಂಗಿಯ ಮಗಳ ಸೀಮಂತಕ್ಕೆಂದು ಚಿಂತಾಮಣಿಗೆ ಹೋಗಿದ್ದೆ. ವಾಪಸ್ಸು ಬಂದಾಗ ಯಜಮಾನರು ಬಾಗಿಲಲ್ಲೇ ನಗುತ್ತ ನಿಂತಿದ್ದರು. "ಇವತ್ತು ಸಾರು ನಂದು ಕಣೇ. ಕೈಕಾಲು ತೊಳ್ಕೊಂಡು ಬಾ."

ಕಾಲು ತೊಳೆಯಲು ಹಿತ್ತಲಿಗೆ ಹೋದರೆ ಬದನೆ ಗಿಡ ಬುಡದಲ್ಲೇ ಸೀಳಿಕೊಂಡು ಮಲಗಿದೆ. ಬಲಿತ ಕಾಂಡ, ಅದೂ ಬೆಳಿಗ್ಗೆ ನೀರು ಕುಡಿದು ಬಿಗಿದಿರುವ ಹೊತ್ತಿನಲ್ಲಿ ಬಗ್ಗಿಸಿದ್ದಾರೆ. ಕ್ಲಿಪ್ಪಿಗೆ ಮಾತ್ರ ಏನೂ ಆಗಿರಲಿಲ್ಲ.

"ಕಾಯೆಲ್ಲಿ?" ಒಳಗೆ ಬಂದು ಕೇಳಿದೆ.

"ಗಿಡ ಸ್ವಲ್ಪ ಸೀಳ್ಕೊಂಡ್ತು. ದಂಡ ಯಾಕೆ ಅಂತ ಕಿತ್ತು ಸಾರಿಗೆ ಹಾಕ್ದೆ. ಅದ್ಯಾವುದೋ ಚಿಂದಿ ಕಟ್ಟಿದ್ಯಲ್ಲ, ಬಿಚ್ಚಿ ಬಿಸಾಕ್ದೆ. ಈಗ ಕಟ್ಟೋಕೆಲ್ಲ ಕ್ಲಿಪ್ ಇದೆ."

ಪೆರೇಸಂದ್ರದ ರೈತರ ಮನೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ! ಕಾಯಿಗೆ ಬಟ್ಟೆ ಯಾಕೆ ಕಟ್ಟುತ್ತಾರೆಂದು ಗೊತ್ತಿಲ್ಲದೆ ಅಲ್ಲ. ಹೆಂಡತಿ ಕಟ್ಟಿದ್ದಕ್ಕೂ ಒಂದು ಕಾರಣ ಇರಬಹುದು ಎಂದು ಆ ತಲೆಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಸಿಟ್ಟು ಬಂದಿದೆ, ಅಳು ಬಂದಿದೆ. ಅವತ್ತು ಅವರ ಮುಖ ನೋಡಿ ಹೇಸಿಗೆಯಾಯಿತು.

ಅವರು ಆಗಲೇ ಮುದ್ದೆಗೆ ಸಾರು ಸುರಿದುಕೊಂಡು ಕೂತಿದ್ದರು. ನಾಲಿಗೆ ತುದಿಯಿಂದ ಏನೋ ತೆಗೆದು ತಟ್ಟೆಯ ಅಂಚಿಗೆ ಒರೆಸಿದರು. ಮತ್ತೊಂದು ತೆಗೆದರು.

"ಥೂ, ಬರೀ ಬೀಜಾನೇ ಇದೆಯಲ್ಲೇ. ಇನ್ನೊಂದ್ಸಲ ಒಳ್ಳೇ ತಳಿ ತರ್ಸೋಣ ಬಿಡು."

ಅವರ ಕೈ ತುತ್ತಿನಲ್ಲಿರುವಾಗಲೇ ತಟ್ಟೆ ಎಳೆದುಕೊಂಡೆ. ಹಿತ್ತಲಿಗೆ ಹೋಗಿ ಮಡಿಗೆ ಸುರಿದು, ಮೇಲೆ ಮಣ್ಣು ಎಳೆದೆ. ಬೆಂದ ಬೀಜ ಮೊಳೆಯುವುದಿಲ್ಲ ಎಂದು ನನಗೂ ಗೊತ್ತು.